ಥಂಡಿಗೆ ಬೇರೆ, ಶೆಕೆಗೆ ಒಂದೇ

ನಮ್ಮ ಲ್ಯಾಬಿನ ಮ್ಯಾನೇಜರನಿಗೆ ರಸಾಯನಶಾಸ್ತ್ರದಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ಟೀ ಬ್ಯಾಗನ್ನು ಬಿಸಿನೀರಿನಲ್ಲಿ ಎಷ್ಟು ಹೊತ್ತು ಅದ್ದಬೇಕು ಎನ್ನುವುದು ಒಂದು, ಗೋಡೆಯ ಮೇಲಿನ ಚಾರ್ಟಿನಲ್ಲಿ ಹಸಿರು ಬಣ್ಣ ಬರಿಸುವುದು ಹೇಗೆ ಎನ್ನುವುದು ಇನ್ನೊಂದು. ದಿನಕ್ಕೆ ಇಷ್ಟು ಸ್ಯಾಂಪಲ್ ಮುಗಿದರೆ ಹಸಿರು, ಮುಗಿಯದಿದ್ದರೆ ಕೆಂಪು. ಟೀ ವಿಷಯದಲ್ಲಿ ಮಾತ್ರ ಅವನನ್ನು ನಂಬಬಹುದಾಗಿತ್ತು.

ಲ್ಯಾಬ್ ಇದ್ದದ್ದು ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಆಚೆ, ಟೈರ್ ಅಂಗಡಿಗೂ ಕಾರ್ಪೆಟ್ ಗೋದಾಮಿಗೂ ನಡುವಿನ ತಗಡಿನ ಕಟ್ಟಡದಲ್ಲಿ. ಎರಡು ನಿಮಿಷಕ್ಕೊಂದು ವಿಮಾನ ನಮ್ಮ ನೆತ್ತಿ ಸವರಿಕೊಂಡು ಇಳಿಯುತ್ತಿತ್ತು. ಬೇರೆ ಬೇರೆ ಕಂಪನಿಗಳು ತಮ್ಮ ಮಾತ್ರೆ, ಪುಡಿ, ಎಣ್ಣೆಗಳನ್ನು ನಮಗೆ ಕಳಿಸುತ್ತಿದ್ದವು. ಅವುಗಳ ಡಬ್ಬಿಯ ಮೇಲೆ ಬರೆದದ್ದು ಒಳಗೆ ನಿಜವಾಗಿಯೂ ಇದೆಯೇ ಎಂದು ನಾವು ಪರೀಕ್ಷಿಸಿ ಹೇಳಬೇಕು. ಇದಕ್ಕೆ ಲ್ಯಾಬಿನ ವೆಬ್‌ಸೈಟಿನಲ್ಲಿ ‘ಸತ್ಯದ ಸೇವೆ’ ಎಂಬ ಅರ್ಥ ಬರುವ ಇಂಗ್ಲಿಷ್ ಸಾಲೊಂದನ್ನು ಹಾಕಿದ್ದರು. ಅದನ್ನು ಬರೆದವನು ಒಮ್ಮೆಯೂ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೈಗುಳವೆಲ್ಲ ಅವನೊಬ್ಬನ ಪಾಲಾಗುತ್ತದೆ. ನಾನು ಮೈಸೂರಿನವಳು, ಡಾಕ್ಟರ ಮಗಳು, ಡಾಕ್ಟರ ಹೆಂಡತಿ. ಪಿಎಚ್.ಡಿ. ಮಾಡಿದ್ದೇನೆ ಎನ್ನುವುದನ್ನು ಕೇಳದವರಿಗೂ ಎರಡನೆಯ ವಾಕ್ಯದೊಳಗೆ ತಿಳಿಸಿಬಿಡುತ್ತಿದ್ದೆ. ಎಜ್‌ವೇರಿನ ನಮ್ಮ ಮನೆಯಿಂದ ದಿನಾ ಕಾರಿನಲ್ಲಿ ಅಷ್ಟು ದೂರ ಬಂದು, ‘ಸೆಕ್ಷನ್ ಹೆಡ್’ ಎಂಬ ಪಟ್ಟಿ ಅಂಟಿಸಿದ ಗಾಜಿನ ಗೂಡಿನಲ್ಲಿ ಕೂರುತ್ತಿದ್ದೆ. ಯಂತ್ರಗಳ ಮುಂದೆ ನಿಂತು ಕೆಲಸ ಮಾಡುವವರು ಗಾಜಿನ ಆಚೆಗಿರುತ್ತಿದ್ದರು. ಗಾಜು ಚೆನ್ನಾಗಿ ಒರೆಸಿರುತ್ತಿತ್ತು, ಆದರೂ ನನಗೆ ಕಾಣಬೇಕಾದದ್ದು ಕಾಣಲಿಲ್ಲ.

ಗಾಜಿನ ಆಚೆಗೆ ಒಬ್ಬರು ವಿಜಯಪುರದ ಹೆಂಗಸು ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಬಿ.ಎಸ್ಸಿ. ಓದಿದವರು, ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದವರು. ಅವರ ಗಂಡ ಏರ್‌ಪೋರ್ಟಿನಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದರು. ನಾನು ಕನ್ನಡದವಳು ಎಂದು ತಿಳಿದ ಮೊದಲ ದಿನ ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸ್ವಲ್ಪ ಮುಜುಗರವೇ ಆಯಿತು. ಮರುದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಅದನ್ನು ಕ್ಯಾಂಟೀನಿನಲ್ಲಿ ಎಲ್ಲರೆದುರು ಮುರಿದು ತಿನ್ನಲು ಸಂಕೋಚವಾಗಿ ಕಾರಿನಲ್ಲಿ ಕೂತು ತಿಂದೆ. ಒಂದು ಚೂರೂ ಬಿಡಲಿಲ್ಲ. ಆಮೇಲೆ ವಾರಕ್ಕೊಮ್ಮೆ ರೊಟ್ಟಿ ಬರುವುದು, ನಾನು ಕಾರಿನಲ್ಲಿ ಕೂತು ತಿನ್ನುವುದು ರೂಢಿಯಾಯಿತು.

ಅವರು ನನ್ನೊಡನೆ ತಮ್ಮ ಊರಿನ ಮಾತಿನಲ್ಲೇ ಮಾತಾಡುತ್ತಿದ್ದರು. ನನಗದು ಹೊಸದೇನಲ್ಲ. ನನ್ನ ಗಂಡ ಧಾರವಾಡದವನು, ಅತ್ತೆ ಪ್ರತಿ ಭಾನುವಾರ ಫೋನಿನಲ್ಲಿ ಒಂದು ತಾಸು ಅದೇ ಮಾತಿನಲ್ಲಿ ನನ್ನ ತಲೆ ತಿನ್ನುತ್ತಾರೆ. ವಿಜಯಪುರದವರು ಮ್ಯಾನೇಜರನ ನಡಿಗೆಯ ಬಗ್ಗೆ ಏನಾದರೂ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಯಾರಾದರೂ ಹತ್ತಿರ ಬಂದರೆ ನಾನು ಇಂಗ್ಲಿಷಿಗೆ ಜಾರುತ್ತಿದ್ದೆ. ಅವರು ಮಾತ್ರ ಕನ್ನಡದಲ್ಲೇ ಮುಗಿಸಿ ಹೋಗುತ್ತಿದ್ದರು.

ಅವರ ಕೈಲಿದ್ದದ್ದು ಒಂದು ಕ್ಯಾಪ್ಸೂಲಿನ ಪರೀಕ್ಷೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಪದಾರ್ಥವನ್ನು ಎಣ್ಣೆಯಲ್ಲಿ ಕರಗಿಸಿ, ಕ್ಯಾಪ್ಸೂಲಿಗೆ ತುಂಬಿ, ಕಣ್ಣಿಗೆ ಒಳ್ಳೆಯದೆಂದು ಮಾರುತ್ತಾರೆ. ಆ ಪದಾರ್ಥದ ಅಣು ನೆಟ್ಟಗೆ ಉದ್ದಕ್ಕಿರುತ್ತದೆ. ಬೆಳಕು, ಬಿಸಿ ತಾಗಿ ಹಳತಾದಂತೆ ಕೆಲವು ಅಣುಗಳು ನಡುವಿನಲ್ಲಿ ಬಾಗುತ್ತವೆ. ಎರಡರ ತೂಕವೂ ಒಂದೇ, ಒಳಗಿನ ಪರಮಾಣುಗಳೂ ಅಷ್ಟೇ. ಬಾಗಿದವು ಎಷ್ಟಿವೆ ಎಂದು ಹೇಳುವುದೇ ನಮ್ಮ ಕೆಲಸ. ಹೆಚ್ಚಿದ್ದರೆ ಮಾಲು ಹಳತು, ಮಾರುವಂತಿಲ್ಲ.

ಇವೆರಡನ್ನು ಬೇರ್ಪಡಿಸುವುದು ಕಾಲಮ್. ಪೆನ್ನಿನಷ್ಟು ಉದ್ದದ ಉಕ್ಕಿನ ಕೊಳವೆ, ಅದರೊಳಗೆ ನುಣುಪು ಪುಡಿ. ಆ ಪುಡಿಯ ಪ್ರತಿ ಕಣದ ಮೇಲೂ ಕೊಬ್ಬಿನಂಥ ಉದ್ದುದ್ದ ಎಳೆಗಳನ್ನು ಅಂಟಿಸಿರುತ್ತಾರೆ. ಕರಗಿಸಿದ ಸ್ಯಾಂಪಲ್ಲನ್ನು ಒತ್ತಡದಲ್ಲಿ ಇದರ ಮೂಲಕ ಹಾಯಿಸಿದರೆ, ಎಳೆಗಳ ಸಂದಿಯಲ್ಲಿ ನುಸುಳಬಲ್ಲ ನೆಟ್ಟಗಿನ ಅಣು ಅಲ್ಲಿ ಸಿಕ್ಕಿಕೊಂಡು ನಿಧಾನವಾಗುತ್ತದೆ. ಬಾಗಿದ್ದು ನುಸುಳಲಾರದೆ ಮುಂದೆ ಹೋಗಿ ಮೊದಲು ಹೊರಬೀಳುತ್ತದೆ. ಪರದೆಯ ಮೇಲೆ ಎರಡು ಗುಡ್ಡ ಮೂಡುತ್ತವೆ. ನಾವದಕ್ಕೆ ಪೀಕ್ ಎನ್ನುತ್ತೇವೆ.

ಇಪ್ಪತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಬರೆದಿಟ್ಟ ವಿಧಾನದಲ್ಲಿ ಕಾಲಮ್ಮಿನ ಉಷ್ಣತೆ ಎನ್ನುವ ಕಡೆ ‘ಕೋಣೆಯ ಉಷ್ಣತೆ’ ಎಂದಷ್ಟೇ ಇತ್ತು. ಯಾವ ಕೋಣೆ, ಯಾವ ತಿಂಗಳು, ಯಾರಪ್ಪನ ಮನೆಯ ಉಷ್ಣತೆ ಎಂದು ಅವನು ಹೇಳಿರಲಿಲ್ಲ. ಅವನು ಅದನ್ನು ಬರೆದದ್ದು ಹೀಟಿಂಗ್ ಕೆಟ್ಟ ಚಳಿಗಾಲದಲ್ಲಿ ಎನ್ನುವುದು ಈ ವಿಜಯಪುರದವರಿಗೆ ಮಾತ್ರ ಗೊತ್ತಿತ್ತು, ಏಕೆಂದರೆ ಆಗ ಪಕ್ಕದಲ್ಲಿ ನಿಂತು ನಡುಗಿದವರು ಇವರೇ. ಆದ್ದರಿಂದ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಿಗ್ಗೆ ಆರಕ್ಕೇ ಬಂದು, ಹೀಟಿಂಗ್ ಆರಿಸಿ, ಕಿಟಕಿ ತೆರೆದು, ಸ್ವೆಟರಿನ ಮೇಲೆ ಲ್ಯಾಬ್ ಕೋಟು, ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿ ಹಾಕಿಕೊಂಡು ಕೂರುವರು. ಬೇಸಿಗೆಯಲ್ಲಿ ಕಾಲಮ್ಮಿಗೆ ತಣ್ಣೀರಿನ ಚೀಲ ಕಟ್ಟುವರು. ಪಕ್ಕದ ಥರ್ಮಾಮೀಟರ್ ಹದಿನೈದರ ಹತ್ತಿರ ಬರುವತನಕ ಒಂದು ಹನಿಯನ್ನೂ ಒಳಗೆ ಬಿಡುತ್ತಿರಲಿಲ್ಲ.

ಫ್ರಿಜ್ಜಿನಲ್ಲಿ ಅವರದೊಂದು ಪುಟ್ಟ ಸೀಸೆಯೂ ಇತ್ತು. ಒಳ್ಳೆಯ ಕ್ಯಾಪ್ಸೂಲಿನ ಎಣ್ಣೆಯನ್ನು ತಾವೇ ಕಿಟಕಿಯ ಬಿಸಿಲಿಗಿಟ್ಟು, ಅರ್ಧ ನೆಟ್ಟಗಿನವು, ಅರ್ಧ ಬಾಗಿದವು ಇರುವಂತೆ ಮಾಡಿಕೊಂಡದ್ದು ಅದು. ದಿನದ ಮೊದಲ ಪರೀಕ್ಷೆ ಅದರದ್ದೇ. ಅದು ಎರಡು ಪೀಕ್ ಕೊಟ್ಟರೆ ಕಾಲಮ್ ಸರಿಯಾಗಿದೆ ಎಂದರ್ಥ. ಇದು ಯಾವ ದಾಖಲೆಯಲ್ಲೂ ಇರಲಿಲ್ಲ. ಸೀಸೆಯ ಮೇಲೆ ಚೀಟಿಯೂ ಇರಲಿಲ್ಲ. ಮೂವತ್ತು ದಾಟದ ಸಹೋದ್ಯೋಗಿಗಳು ಅವರಿಗೆ ‘ಫ್ರಿಜ್ ಆಂಟಿ’ ಎಂದು ಹೆಸರಿಟ್ಟಿದ್ದರು, ನಾನೂ ನಕ್ಕಿದ್ದೆ.

ಆ ವರ್ಷ ಲಂಡನ್ನಿಗೆ ಅಪರೂಪದ ಬೇಸಿಗೆ ಬಂತು. ಇಲ್ಲಿಯವರು ಮೂರು ದಿನ ಬಿಸಿಲು ಬಿದ್ದರೆ ಸಂಭ್ರಮಿಸಿ ನಾಲ್ಕನೆಯ ದಿನ ಸಾಯುತ್ತಿರುವವರಂತೆ ಮಲಗುತ್ತಾರೆ. ತಗಡಿನ ಕಟ್ಟಡ ಕಾದ ಕಾವಲಿಯಾಯಿತು. ತಣ್ಣೀರಿನ ಚೀಲ ಅರ್ಧ ತಾಸಿಗೇ ಬೆಚ್ಚಗಾಗುತ್ತಿತ್ತು. ಅವರು ಮತ್ತೆ ಮತ್ತೆ ಚೀಲ ಬದಲಿಸುತ್ತ, ಥರ್ಮಾಮೀಟರ್ ಇಳಿಯಲೆಂದು ಕಾಯುತ್ತ ಕೂತರು. ಚಾರ್ಟ್ ಕೆಂಪಾಯಿತು, ಮ್ಯಾನೇಜರನ ಮುಖವೂ ಕೆಂಪಾಯಿತು. ಅವನು ಅವರನ್ನು ಕರೆದು, ಮೂರು ತಿಂಗಳಲ್ಲಿ ಕೆಲಸದ ವೇಗ ಹೆಚ್ಚದಿದ್ದರೆ ಮನೆಗೆ ಹೋಗಬೇಕಾಗುತ್ತದೆ ಎಂಬುದನ್ನು ‘ಸುಧಾರಣಾ ಯೋಜನೆ’ ಎಂಬ ಸುಂದರ ತಲೆಬರಹದ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡ. ನನ್ನನ್ನು ಕರೆದು, ನೀವು ವಿಜ್ಞಾನಿ, ಏನಾದರೂ ಮಾಡಿ ಎಂದ.

ವಿಜ್ಞಾನಿ ಎಂದರೆ ಸಾಕು, ನಾನು ಉಬ್ಬಿಹೋದೆ. ಕಾಲಮ್ಮನ್ನು, ಬಿಸಿಯನ್ನೂ ತಂಪನ್ನೂ ಹೇಳಿದ ಡಿಗ್ರಿಗೆ ಹಿಡಿದಿಡುವ ಹೊಸ ಓವನ್ನಿನೊಳಗೆ ಇಟ್ಟು ನಲವತ್ತು ಡಿಗ್ರಿಗೆ ಕಟ್ಟಿಹಾಕಿದೆ. ಹವೆ ಹೇಗೇ ಇರಲಿ, ಉಷ್ಣತೆ ಒಂದೇ ಸಮ. ಬಿಸಿಯಾದಷ್ಟೂ ದ್ರವ ತೆಳ್ಳಗಾಗಿ ಬೇಗ ಹರಿಯುತ್ತದೆ. ನಲವತ್ತೈದು ನಿಮಿಷದ ಕೆಲಸ ಹದಿನೆಂಟಕ್ಕೆ ಇಳಿಯಿತು. ಪರದೆಯ ಮೇಲೆ ಒಂದು ಪೀಕ್ ಬಂತು, ಎತ್ತರಕ್ಕೆ, ಚೂಪಾಗಿ, ಒಂದು ಸುಕ್ಕಿಲ್ಲದೆ. ಅಷ್ಟು ಚೆಂದದ ಪೀಕನ್ನು ನಾನು ನನ್ನ ಪ್ರಬಂಧದಲ್ಲೂ ಹಾಕಿರಲಿಲ್ಲ. ಒಂದೇ ಪೀಕ್ ಏಕೆ ಬಂತು ಎಂದು ಕೇಳಿಕೊಳ್ಳುವ ಬುದ್ಧಿ ಪಿಎಚ್.ಡಿ.ಯ ಜೊತೆಗೆ ಕೊಟ್ಟಿರಲಿಲ್ಲ. ಮಾಲು ತಾಜಾ ಇದೆ, ಬಾಗಿದ್ದು ಇಲ್ಲವೇ ಇಲ್ಲ ಎಂದು ಬರೆದೆ. ಹಳೆಯ ಅಭ್ಯಾಸಗಳನ್ನೆಲ್ಲ ಗುಡಿಸಿಹಾಕುವ ಹುರುಪಿನಲ್ಲಿ ಫ್ರಿಜ್ಜನ್ನೂ ತೊಳೆಸಿದೆ. ಚೀಟಿಯಿಲ್ಲದ ಸೀಸೆ ಇಡುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ಆ ಪುಟ್ಟ ಸೀಸೆಯನ್ನು ನನ್ನ ಕೈಯಾರೆ ಕಸಕ್ಕೆ ಹಾಕಿದೆ.

ಮರುದಿನ ಅವರು ಓವನ್ನಿನ ಮುಂದೆ ನಿಂತಿದ್ದರು. ಸ್ವೆಟರ್ ಇರಲಿಲ್ಲ, ಟೊಪ್ಪಿಯೂ ಇರಲಿಲ್ಲ. ನನ್ನನ್ನು ಕರೆದು, ಸುತ್ತ ಯಾರಿದ್ದಾರೆ ಎಂದೂ ನೋಡದೆ ಹೇಳಿದರು:

“ಮೇಡಮ್ಮರ, ಶೆಕಿಗಿ ಅವು ಎರಡೂ ಕೂಡಿಬಿಡ್ತಾವ್ರಿ. ಥಂಡ್ಯಾಗ ಇಟ್ರ ಅಷ್ಟ ಬ್ಯಾರೆ ಬ್ಯಾರೆ ಬರ್ತಾವು. ತುಪ್ಪಾ ಹೆಂಗ ಥಂಡಿಗಿ ಹರಳ ಕಟ್ತೈತಿ, ಕಾಸಿದ್ರ ಎಲ್ಲಾ ನೀರ ಆಗ್ತೈತಿ, ಹಂಗರಿ. ಈ ಕಾಲಮ್ಮಿನಾಗಿನ ಎಳಿನೂ ಕೊಬ್ಬ ಅಲ್ರಿ?”

ಮ್ಯಾನೇಜರ್ ಆಚೆ ಬದಿಯಲ್ಲಿ ಚಾರ್ಟಿಗೆ ಹಸಿರು ಹಚ್ಚುತ್ತಿದ್ದ. ಅವನ ಎದುರು ಈಕೆಯೊಡನೆ ತುಪ್ಪದ ವಿಚಾರ ಚರ್ಚಿಸುವುದೇ? ನನ್ನ ವಿಧಾನದ ಬಗ್ಗೆ ಏನಾದರೂ ಆಕ್ಷೇಪವಿದ್ದರೆ ಈಮೇಲ್ ಮಾಡಿ ಎಂದೆ, ಇಂಗ್ಲಿಷಿನಲ್ಲಿ. ಅವರು ಈಮೇಲ್ ಮಾಡುವವರಲ್ಲ ಎಂದು ನನಗೆ ಗೊತ್ತಿತ್ತು. ಬರೆಯದಿದ್ದದ್ದು ನಡೆದೇ ಇಲ್ಲ ಎನ್ನುವುದು ಇಂಥ ಲ್ಯಾಬುಗಳ ಧರ್ಮಸೂತ್ರ. ಆ ವಾರ ರೊಟ್ಟಿ ಬರಲಿಲ್ಲ.

ಅಕ್ಟೋಬರಿನಲ್ಲಿ ಕ್ಯಾಪ್ಸೂಲಿನ ಕಂಪನಿಯಿಂದ ಪತ್ರ ಬಂತು. ಅದೇ ಮಾಲನ್ನು ಅವರು ಬೇರೊಂದು ಲ್ಯಾಬಿಗೂ ಕಳಿಸಿದ್ದರು. ಅಲ್ಲಿ ಬಾಗಿದ ಅಣುಗಳು ಧಾರಾಳವಾಗಿ ಸಿಕ್ಕಿದ್ದವು. ನಾವು ತಾಜಾ ಎಂದು ಬರೆದುಕೊಟ್ಟ ಮಾಲು ನಮ್ಮಲ್ಲಿಗೆ ಬರುವ ಮೊದಲೇ ಬೇಸಿಗೆಯ ಗೋದಾಮಿನಲ್ಲಿ ಕಾದು ಕೆಟ್ಟುಹೋಗಿತ್ತು. ನಾನು ಬಾಗಿಲು ಹಾಕಿಕೊಂಡು, ಉಳಿದಿದ್ದ ಸ್ಯಾಂಪಲ್ಲನ್ನು ಹದಿನೈದು ಡಿಗ್ರಿಯಲ್ಲಿ ಓಡಿಸಿದೆ. ನನ್ನ ಆ ಚೆಂದದ ಪೀಕ್ ನಿಧಾನವಾಗಿ ಎರಡಾಗಿ ಒಡೆಯಿತು. ಇಪ್ಪತ್ತೈದಕ್ಕೆ ಏರಿಸಿದೆ, ಹತ್ತಿರ ಬಂದವು. ನಲವತ್ತಕ್ಕೆ ಏರಿಸಿದೆ, ಮತ್ತೆ ಒಂದಾದವು.

ಆಮೇಲೆ ಪುಸ್ತಕ ತೆಗೆದೆ. ಬೇಸಿಗೆಯಲ್ಲೇ ತೆಗೆಯಬೇಕಿತ್ತು. ತಂಪಿನಲ್ಲಿ ಎಳೆಗಳು ಮಡಿಕೆ ಬಿಟ್ಟು ನೇರವಾಗಿ, ಒಂದಕ್ಕೊಂದು ಒತ್ತಾಗಿ ನಿಲ್ಲುತ್ತವೆ, ಆಗ ಅವುಗಳ ನಡುವೆ ಸರಿಯಾದ ಸಂದಿಗಳು ಉಳಿದು ಅಣುವಿನ ಆಕಾರ ಗುರುತಿಸಲು ಬರುತ್ತದೆ. ಬಿಸಿಯಾದಂತೆ ಎಳೆಗಳು ತಿರುಚಿಕೊಂಡು, ಜೋಲಿ, ಶಿಸ್ತು ಕಳೆದುಕೊಂಡು ಯಾವ ಆಕಾರಕ್ಕೂ ಭೇದ ಮಾಡುವುದಿಲ್ಲ. ಇದನ್ನು ಹೇಳಲು ಪುಸ್ತಕ ಬರೆದವರಿಗೆ ಒಂದು ಅಧ್ಯಾಯ, ಹತ್ತಾರು ಚಿತ್ರ, ಎರಡು ಪುಟ ಸಮೀಕರಣ ಬೇಕಾಗಿತ್ತು. ಓವನ್ನಿನ ಮುಂದೆ ನಿಂತು ವಿಜಯಪುರದವರು ನನಗೆ ಹೇಳಿದ್ದು ಇದನ್ನೇ, ಇನ್ನೂ ಕಡಿಮೆ ಮಾತಿನಲ್ಲಿ.

ವಿಚಾರಣೆ ನಡೆಸಲು ಗುಣಮಟ್ಟದ ವಿಭಾಗದಿಂದ ಒಬ್ಬ ಇಂಗ್ಲಿಷ್ ಹೆಂಗಸು ಬಂದಳು. ಯಾರು ಏನು ಹೇಳಿದರೂ ತಲೆ ವಾಲಿಸಿ, ಬಹಳ ಅರ್ಥವಾದವಳಂತೆ ಕಣ್ಣು ಕಿರಿದು ಮಾಡುವ ಜಾತಿ. ಮೇಜಿನ ಒಂದು ಬದಿಗೆ ಅವಳು ಮತ್ತು ಮ್ಯಾನೇಜರ್, ಇನ್ನೊಂದು ಬದಿಗೆ ನಾನು ಮತ್ತು ವಿಜಯಪುರದವರು. ಅವರ ಮೂರು ತಿಂಗಳು ಮುಗಿಯುತ್ತ ಬಂದಿತ್ತು. ಓವನ್ ಬಂದ ಮೇಲೂ ಅವರು ತಮ್ಮ ಸ್ಯಾಂಪಲ್ಲುಗಳನ್ನು ಎರಡೆರಡು ಸಲ ನೋಡುತ್ತಿದ್ದರು, ವೇಗ ಹೆಚ್ಚಿರಲಿಲ್ಲ. ಬದಲಾವಣೆ ತಪ್ಪೆಂದು ಅವರು ಮೊದಲೇ ಎಚ್ಚರಿಸಿದ್ದರು ಎಂದು ಆ ದಿನ ಗೊತ್ತಾದರೆ ಅವರ ನಿಧಾನವೇ ಸರಿ ಎಂದಾಗುತ್ತಿತ್ತು, ಕೆಲಸ ಉಳಿಯುತ್ತಿತ್ತು. ತಪ್ಪು ನನ್ನ ಕುತ್ತಿಗೆಗೆ ಬರುತ್ತಿತ್ತು. ನಮ್ಮಿಬ್ಬರಿಗೂ ಇದು ಗೊತ್ತಿತ್ತು.

ಇದರ ಬಗ್ಗೆ ಯಾರಾದರೂ ಮುಂಚೆ ಸಂಶಯ ಹೇಳಿದ್ದರೇ ಎಂದು ಇಂಗ್ಲಿಷ್ ಹೆಂಗಸು ಕೇಳಿದಳು. ನಾನು ಹೇಳಿದ್ದೆ ಎಂದರು ವಿಜಯಪುರದವರು. ಯಾರಿಗೆ? ಪಕ್ಕದಲ್ಲಿ ಕೂತಿರುವ ಇವರಿಗೆ. ಹೇಗೆ? ಬಾಯಲ್ಲಿ, ಕನ್ನಡದಲ್ಲಿ. ಇಷ್ಟು ಹೇಳಿ, ಯಾವ ಆತಂಕವೂ ಇಲ್ಲದೆ ನನ್ನ ಕಡೆ ತಿರುಗಿದರು. ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಅವರಿಗೆ ಅಷ್ಟು ನಂಬಿಕೆ ಇತ್ತು.

ನಾನು ನೀರು ಕುಡಿದೆ. ಕನ್ನಡದಲ್ಲಿ ಏನೋ ಹೇಳಿದ್ದರು, ನಿಜ ಎಂದೆ. ಆದರೆ ನೋಡಿ, ನಾನು ದಕ್ಷಿಣದವಳು, ಅವರು ಉತ್ತರದವರು. ಹೆಸರಿಗೆ ಒಂದೇ ಭಾಷೆ, ಆಡುವುದು ತೀರ ಬೇರೆ. ಅವರ ಉಪಭಾಷೆ ನನಗೆ ಸರಿಯಾಗಿ ತಿಳಿಯುವುದಿಲ್ಲ. ಏನೋ ಅಡುಗೆಯ ಮಾತು ಎಂದುಕೊಂಡೆ.

ಸುಳ್ಳು ಹೇಳುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಕೇಳುವವರಿಗೆ ನಮ್ಮ ಬಗ್ಗೆ ಏನೂ ಗೊತ್ತಿರದಿದ್ದರೆ ಸಾಕು. ಇಂಗ್ಲಿಷ್ ಹೆಂಗಸು ತಲೆ ವಾಲಿಸಿ, ನಿಮ್ಮ ದೇಶದಲ್ಲಿ ಎಷ್ಟೊಂದು ವೈವಿಧ್ಯ ಎಂದು ಗೌರವದಿಂದ ಬರೆದುಕೊಂಡಳು. ಮ್ಯಾನೇಜರ್ ತನ್ನ ಸ್ಕಾಟ್ಲೆಂಡಿನ ಭಾವನ ಮಾತೂ ತನಗೆ ತಿಳಿಯುವುದಿಲ್ಲ ಎಂದು ನಕ್ಕ. ವಿಜಯಪುರದವರು ನನ್ನ ಕಡೆಯಿಂದ ಮುಖ ತಿರುಗಿಸಿ ಎದುರಿನ ಗೋಡೆ ನೋಡತೊಡಗಿದರು. ವರ್ಷಗಟ್ಟಲೆ ಅವರ ಮಾತಿಗೆ ನಕ್ಕವಳು, ಅವರ ರೊಟ್ಟಿಯನ್ನು ಚೂರೂ ಬಿಡದೆ ತಿಂದವಳು ಪಕ್ಕದಲ್ಲಿ ಕೂತಿದ್ದಳು. ಅವರು ಅಲ್ಲೇ ಇಂಗ್ಲಿಷಿನಲ್ಲಿ ನನ್ನನ್ನು ಬಯಲಿಗೆಳೆಯಬಹುದಿತ್ತು, ಎಳೆಯಲಿಲ್ಲ.

ವರದಿ ಬಂತು. ಮೂಲ ಕಾರಣ: ಭಾಷೆಯ ಅಡ್ಡಿ. ಪರಿಹಾರ: ಅವರಿಗೆ ಪ್ರತಿ ಗುರುವಾರ ಮಧ್ಯಾಹ್ನ ಸಂವಹನದ ತರಗತಿ. ನನಗೆ ಮುಂದೆ ಜಾಗ್ರತೆಯಾಗಿರಿ ಎಂಬ ಒಂದು ಸಾಲು. ಇಪ್ಪತ್ತೆರಡು ವರ್ಷ ಅದೇ ಲ್ಯಾಬಿನಲ್ಲಿ ದುಡಿದವರನ್ನು ಮಾತು ಕಲಿಯಲು ಕಳಿಸುವ ಯೋಚನೆ ಮ್ಯಾನೇಜರನಿಗೆ ಬಹಳ ಮಾನವೀಯವಾಗಿ ಕಂಡಿತು. ಸುಧಾರಣಾ ಯೋಜನೆಯನ್ನು ಮಾತ್ರ ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಮನೆಗೆ ಕಳಿಸುವ ಮೊದಲೇ ಅವರು ತಾವೇ ಕೆಲಸ ಬಿಡುವ ಪತ್ರ ಕೊಟ್ಟರು.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಇದನ್ನೆಲ್ಲ ಹೇಳಿದೆ. ನನ್ನ ಪರ ಏನಾದರೂ ಹೇಳುತ್ತಾನೆ ಎಂದು ಹೇಳಿದ್ದು, ಪಶ್ಚಾತ್ತಾಪದಿಂದಲ್ಲ. ಎಂಥ ಒತ್ತಡವಿತ್ತು, ಎಷ್ಟು ವರ್ಷದ ನನ್ನ ಹೆಸರು, ಎಂದೆಲ್ಲ ಸೇರಿಸಿದೆ. ಅವನು ಕೈಲಿದ್ದ ಚಪಾತಿಯನ್ನು ತಟ್ಟೆಗೆ ಹಾಕಿ ಕೇಳಿದ:

“ನಮ್ಮವ್ವ ವಾರಾ ವಾರಾ ತಾಸಗಟ್ಲೆ ಮಾತಾಡ್ತಾಳಲ್ಲ, ಅದೂ ತಿಳಿಯಂಗಿಲ್ಲೇನು ನಿನಗ?”

ನಮ್ಮ ಮಗಳು ಫೋನಿನಿಂದ ತಲೆಯೆತ್ತಿ ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಏನಿಲ್ಲ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ.

ಅವರ ಕೊನೆಯ ದಿನ ಕ್ಯಾಂಟೀನಿನಲ್ಲಿ ಕೇಕ್ ಕತ್ತರಿಸಿದರು. ಮ್ಯಾನೇಜರ್ ಭಾಷಣ ಮಾಡಿ, ಇನ್ನು ಕಿಟಕಿ ಮುಚ್ಚಬಹುದು ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು. ನಾನು ಮೆಲ್ಲಗೆ ಜಾರಿ ನನ್ನ ಗಾಜಿನ ಗೂಡಿಗೆ ಬಂದು ಕೂತೆ. ಹೊರಡುವ ಮುನ್ನ ಅವರು ನಮ್ಮಿಬ್ಬರ ಮಾತು ತೀರಿಸಿಯೇ ಹೋಗುತ್ತಾರೆ ಎಂಬ ಹೆದರಿಕೆ ಇತ್ತು. ಬೈದರೆ ಬೈಯಲಿ, ಒಂದು ಸಲ ಬೈಸಿಕೊಂಡರೆ ಲೆಕ್ಕ ಚುಕ್ತಾ ಎಂದೂ ಅನ್ನಿಸುತ್ತಿತ್ತು. ನನ್ನಂಥವರು ಕ್ಷಮೆಯನ್ನೂ ಹೀಗೆ ಅಗ್ಗದಲ್ಲೇ ಬಯಸುವುದು.

ಅವರು ಬಂದರು. ಕೋಟು ಹಾಕಿಕೊಂಡು, ಕೈಯಲ್ಲಿ ಆ ಉಣ್ಣೆಯ ಟೊಪ್ಪಿ ಹಿಡಿದಿದ್ದರು. ಬಾಗಿಲ ಹತ್ತಿರವೇ ನಿಂತರು. ಬೈಯಲಿಲ್ಲ. ಒಂದೊಂದೇ ಪದವನ್ನು ಬಿಡಿಸಿ, ಶಾಲೆಯ ಪಾಠ ಓದುವವರ ಹಾಗೆ, ನಾನು ಅವರ ಬಾಯಲ್ಲಿ ಯಾವತ್ತೂ ಕೇಳದಿದ್ದ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೇಳಿದರು:

“ಫ್ರಿಜ್ಜಿನ ಎರಡನೆಯ ಅರೆಯಲ್ಲಿ ಒಂದು ಹೊಸ ಸೀಸೆ ಇಟ್ಟಿದ್ದೇನೆ. ಈ ಸಲ ಅದಕ್ಕೆ ಚೀಟಿ ಅಂಟಿಸಿದ್ದೇನೆ. ಪ್ರತಿದಿನ ಬೆಳಿಗ್ಗೆ ಮೊದಲು ಅದನ್ನು ಹದಿನೈದು ಡಿಗ್ರಿಯಲ್ಲಿ ಓಡಿಸಿ. ಎರಡು ಪೀಕ್ ಬಂದರೆ ಮಾತ್ರ ಉಳಿದದ್ದನ್ನು ಮಾಡಿ. ನಾನು ಹೇಳಿದ್ದು ನಿಮಗೆ ಅರ್ಥವಾಯಿತೇ?”

ಗಾಜಿನ ಆಚೆ ಎಲ್ಲರೂ ಕೇಕಿನ ತಟ್ಟೆ ಹಿಡಿದು ನಿಂತಿದ್ದರು. ಅವರು ಉತ್ತರಕ್ಕಾಗಿ ಕಾದರು.

“ಅರ್ಥವಾಯಿತು” ಎಂದೆ, ಕನ್ನಡದಲ್ಲಿ.

ಅವರು ತಲೆಯಾಡಿಸಿ, ಟೊಪ್ಪಿ ಹಾಕಿಕೊಂಡು ಹೋದರು.